ನೀರು ಕುಡಿಯದ ಕುದುರೆಗೆ ಉಪ್ಪು

ಎರಡು ವರ್ಷದ ಹಿಂದೆ ನನಗೊಂದು ಅನುವಾದದ ಕೆಲಸ ಬಂತು. ಕುದುರೆಗಳಿಗೆ ಕೊಡುವ ಎಲೆಕ್ಟ್ರೋಲೈಟ್ ಪುಡಿಯ ಬಗ್ಗೆ ಒಂದು ಪುಟದ ಮಾಹಿತಿ, ಇಂಗ್ಲಿಷಿನಿಂದ ಕನ್ನಡಕ್ಕೆ. ಪಠ್ಯಪುಸ್ತಕದಲ್ಲಿ ಇದಕ್ಕೆ 'ವಿದ್ಯುದ್ವಿಭಾಜ್ಯ' ಎಂಬ ಪದವಿದೆ. ಲಾಯದಲ್ಲಿ ನಿಂತು ಆ ಪದ ಓದುವವರು ಯಾರು? ಅದಕ್ಕೇ 'ಬೆವರಿನಲ್ಲಿ ಹೋದ ಉಪ್ಪನ್ನು ತುಂಬುವ ಪುಡಿ' ಎಂದು ಬರೆದುಕೊಟ್ಟೆ. ಅಚ್ಚಾಗಿ ಬಂದಾಗ ಅದು 'ಶಕ್ತಿವರ್ಧಕ ಪುಡಿ' ಆಗಿತ್ತು. 'ನೀರು ಕುಡಿಯದ ಕುದುರೆಗೆ ಇದನ್ನು ಕೊಡಬೇಡಿ' ಎಂಬ ಕೊನೆಯ ವಾಕ್ಯ ಇರಲೇ ಇಲ್ಲ. ಜಾಗ ಸಾಲಲಿಲ್ಲವಂತೆ. ದುಡ್ಡು ಬಂದಿತ್ತು, ನಾನೂ ಸುಮ್ಮನಾದೆ.

ಆ ವಾಕ್ಯ ಮತ್ತೆ ನೆನಪಾದದ್ದು ಹೋದ ಬೇಸಿಗೆಯಲ್ಲಿ. ಪುಣೆಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಒದಗಿಸುವವರೊಬ್ಬರು ನಮ್ಮ ಬಡಾವಣೆಯ ಹತ್ತಿರವೇ ಇದ್ದಾರೆ. ಮೂಲ ವಿಜಯಪುರದ ಕಡೆಯವರು. ಏಪ್ರಿಲ್ ಬಿಸಿಲಲ್ಲಿ ದಿನವಿಡೀ ದುಡಿದ ಕುದುರೆ ಸಂಜೆ ಬಕೆಟ್ಟಿಗೆ ಬಾಯಿ ಇಡಲಿಲ್ಲ. ಇವರು ಅಂಥದೇ ಪುಡಿಯನ್ನು ಗಟ್ಟಿಯಾಗಿ ಕಲಸಿ, ಸೂಜಿ ತೆಗೆದ ಸಿರಿಂಜಿನಿಂದ ಬಾಯಿಗೆ ಹಾಕಿದರು. ರಾತ್ರಿ ಹೊಟ್ಟೆನೋವು ಶುರುವಾಗಿ ಡಾಕ್ಟರನ್ನು ಕರೆಸಬೇಕಾಯಿತು. ಕುದುರೆ ಉಳಿಯಿತು. "ನೀರು ಕುಡೀಲಿಲ್ಲ ಅಂತನೇ ಪುಡಿ ಹಾಕಿದ್ದೆ ಅಕ್ಕಾರ, ಶಕ್ತಿ ಬರಲಿ ಅಂತ" ಎಂದರು. ಹೊಟ್ಟೆನೋವಿಗೆ ಪುಡಿಯೇ ಕಾರಣವೋ ಬಿಸಿಲೋ, ನಾನು ಹೇಳಲಾರೆ. ಆದರೆ 'ಶಕ್ತಿ' ಎಂದು ಓದಿದವರು ಬೇರೇನು ಮಾಡಿಯಾರು?

ಕನ್ನಡದ 'ಬಾಯಾರಿಕೆ' ಎಂಬ ಪದ ಬಿಡಿಸಿದರೆ ಬಾಯಿ ಆರುವುದು, ಅಂದರೆ ಒಣಗುವುದು. ಮನುಷ್ಯರ ಬೆವರಿನಲ್ಲಿ ಉಪ್ಪು ರಕ್ತದಲ್ಲಿರುವುದಕ್ಕಿಂತ ಕಡಿಮೆ. ಹಾಗಾಗಿ ಬೆವರಿದಂತೆಲ್ಲ ರಕ್ತ ಉಪ್ಪಾಗುತ್ತದೆ, ಮಿದುಳು 'ನೀರು ಬೇಕು' ಎನ್ನುತ್ತದೆ. ಕುದುರೆಯ ಬೆವರು ಹೆಚ್ಚುಕಡಿಮೆ ರಕ್ತದಷ್ಟೇ ಉಪ್ಪು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಒಂದು ಲೀಟರ್ ಬೆವರಿನ ಜೊತೆ ಸೋಡಿಯಂ, ಕ್ಲೋರೈಡ್, ಪೊಟ್ಯಾಸಿಯಂ ಸೇರಿ ಸುಮಾರು 10 ಗ್ರಾಂ ಹೋಗುತ್ತದೆ. ಕಾವು ಹೆಚ್ಚಿದ್ದು ಸತತ ಓಡುವಾಗ ಗಂಟೆಗೆ 10 ಲೀಟರಿಗೂ ಮೇಲೆ ಬೆವರಬಲ್ಲದು. ನೀರೂ ಉಪ್ಪೂ ಒಟ್ಟಿಗೇ ಹೋಗುವುದರಿಂದ ರಕ್ತದ ಹದ ಅಷ್ಟಾಗಿ ಕೆಡುವುದಿಲ್ಲ. ಮೈ ಒಣಗಿದ್ದರೂ ಬಾಯಾರಿಕೆ ಹುಟ್ಟುವುದಿಲ್ಲ.

ಇಲ್ಲೇ ಪುಡಿಯ ಉಪಯೋಗವಿದೆ. ಸರಿಯಾದ ಹೊತ್ತಿಗೆ ಸ್ವಲ್ಪ ಉಪ್ಪು ಸೇರಿದರೆ ಕುದುರೆಗೆ ನೀರು ಬೇಕೆನಿಸುತ್ತದೆ, ಕುಡಿದ ನೀರು ಮೈಯಲ್ಲಿ ನಿಲ್ಲುತ್ತದೆ. ಅಪಾಯವೂ ಇಲ್ಲೇ ಇದೆ. ಆಗಲೇ ಒಣಗಿ, ನೀರನ್ನೇ ಒಲ್ಲದ ಕುದುರೆಯ ಹೊಟ್ಟೆಗೆ ಗಟ್ಟಿ ಉಪ್ಪು ಹೋದರೆ ಅದು ಮೈಯಲ್ಲಿ ಉಳಿದ ನೀರನ್ನೂ ಕರುಳಿಗೆ ಎಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಕೊಟ್ಟರೆ ಜಠರದಲ್ಲಿ ಹುಣ್ಣಾಗಬಹುದು. ಒಂದೇ ಪುಡಿ, ಒಂದೇ ಅಳತೆ. ಪಕ್ಕದಲ್ಲಿ ನೀರಿದೆಯೇ, ಕುದುರೆ ಅದನ್ನು ಕುಡಿಯುತ್ತಿದೆಯೇ ಎಂಬುದರ ಮೇಲೆ ಅದು ಮದ್ದೋ ವಿಷವೋ ಎಂಬುದು ನಿಂತಿದೆ.

ಎಂಡ್ಯೂರೆನ್ಸ್ ಎಂಬ ದೂರದ ಓಟದ ಕ್ರೀಡೆ ಇದನ್ನು ಕಷ್ಟಪಟ್ಟು ಕಲಿತಿದೆ. ಅಲ್ಲಿ ಒಂದೇ ದಿನ 160 ಕಿ.ಮೀ.ವರೆಗೆ ಓಡಿಸುತ್ತಾರೆ. ದಾರಿಯ ನಡುನಡುವೆ ಪಶುವೈದ್ಯರು ನಿಲ್ಲಿಸಿ ಪರೀಕ್ಷಿಸುತ್ತಾರೆ. ಗೊತ್ತಾದ ಹೊತ್ತಿನೊಳಗೆ ನಾಡಿಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ಒಸಡಿನ ಬಣ್ಣ, ಚಿವುಟಿದ ಚರ್ಮ ಹಿಂದಿರುಗುವ ವೇಗ, ಕರುಳಿನ ಸದ್ದು ಎಲ್ಲವನ್ನೂ ನೋಡುತ್ತಾರೆ. ಸಿರಿಂಜ್ ಹಿಡಿದವನ ಪಕ್ಕದಲ್ಲೇ ಅಳೆಯುವವರೂ ಇರುತ್ತಾರೆ.

ಇನ್ನೊಂದು ದೂರದ ನಡಿಗೆಯನ್ನು ನಾವು ಪುಣೆಯವರು ವರ್ಷವರ್ಷವೂ ನೋಡುತ್ತೇವೆ. ಜ್ಞಾನೇಶ್ವರರ ಪಾಲಖಿಯ ಅಶ್ವಗಳು ಬರುವುದು ಕರ್ನಾಟಕದಿಂದ. ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಶಿತೋಳೆ ಮನೆತನಕ್ಕೆ ಆ ಗೌರವ. ಕೃಷ್ಣಾ ತೀರದಿಂದ ಆಳಂದಿಗೆ ಸುಮಾರು 300 ಕಿ.ಮೀ. ನಡೆದು, ಅಲ್ಲಿಂದ ಮತ್ತೆ ಪಂಢರಪುರಕ್ಕೆ ಹೆಜ್ಜೆ ಹಾಕುತ್ತವೆ. ಆದರೆ ಅದು ನಡಿಗೆ, ದಿನಕ್ಕಿಷ್ಟು ಎಂದು ಹಂಚಿದ ದೂರ, ರಾತ್ರಿ ವಿಶ್ರಾಂತಿ. ಇಂಥ ಪಯಣದಲ್ಲಿ ನೀರು, ಮೇವು, ಉಪ್ಪು ಇದ್ದರೆ ಹೆಚ್ಚಿನ ಕೊರತೆ ತಾನೇ ತುಂಬಿಕೊಳ್ಳುತ್ತದೆ. 500 ಕೆ.ಜಿ. ತೂಕದ, ದುಡಿಯದ ಕುದುರೆಗೂ ದಿನಕ್ಕೆ ಸುಮಾರು 25 ಗ್ರಾಂ ಅಡುಗೆ ಉಪ್ಪು ಬೇಕು. ಹುಲ್ಲಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ. ದೂರ ನಡೆದ ಕುದುರೆಗೆಲ್ಲ ಪುಡಿ ಬೇಕೆಂಬುದು ಮಾರುವವರ ಮಾತು.

'ಇದೆಲ್ಲ ಡಾಕ್ಟರು ಹೇಳಬೇಕು, ಪೊಟ್ಟಣ ಅಲ್ಲ' ಎಂದು ನೀವು ಅನ್ನಬಹುದು. ಮದುವೆ ಕುದುರೆಯ ಪಕ್ಕ ಸಂಜೆ ಏಳಕ್ಕೆ ಯಾವ ಡಾಕ್ಟರು ನಿಂತಿರುತ್ತಾರೆ? ಅಲ್ಲಿರುವುದು ಸಾಕುವವರು ಮತ್ತು ಪೊಟ್ಟಣ. ಭೇದಿಯಾದ ಮಗುವಿಗೆ ಏನು ಕೊಡಬೇಕೆಂದು ನಮ್ಮ ಅಮ್ಮಂದಿರನ್ನು ಕೇಳಿ. ಒಂದು ಲೀಟರ್ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎನ್ನುತ್ತಾರೆ. ಅವರಲ್ಲಿ ಎಷ್ಟು ಜನ ಎಲೆಕ್ಟ್ರೋಲೈಟ್ ಎಂಬ ಮಾತು ಕೇಳಿದ್ದಾರೆ? ಆ ಸೂತ್ರದಲ್ಲಿ ಮೊದಲು ಬರುವುದು ನೀರು, ಅದಕ್ಕೇ ಅದು ತಪ್ಪುವುದಿಲ್ಲ.

ಕುದುರೆಯ ಪೊಟ್ಟಣದ ಮೇಲೂ ಕನ್ನಡದಲ್ಲಿ, ಮರಾಠಿಯಲ್ಲಿ, ದಪ್ಪಕ್ಷರದಲ್ಲಿ ಮೂರು ಸಾಲು ಸಾಕು. ಮೊದಲು ನೀರು ತೋರಿಸಿ. ಕುಡಿದರೆ ಮಾತ್ರ ಕೊಡಿ. ಕುಡಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. 'ಶಕ್ತಿ' ಎಂಬ ಪದ ಬೇಡ. ಶಕ್ತಿ ಕೊಡುವುದು ಮೇವು.

ಈಗ ಇಂಥ ಕೆಲಸ ಒಪ್ಪುವ ಮೊದಲು ನಾನೊಂದು ಷರತ್ತು ಹಾಕುತ್ತೇನೆ: ಎಚ್ಚರಿಕೆಯ ವಾಕ್ಯ ತೆಗೆಯುವುದಾದರೆ ನನ್ನನ್ನು ಕೇಳಬೇಕು. ಇದರಿಂದ ಒಂದೆರಡು ಕೆಲಸ ಕೈತಪ್ಪಿವೆ. ಅಂದು ಹೀಗೆ ಕೇಳಿದ್ದಿದ್ದರೆ ಆ ಮದುವೆ ಕುದುರೆಗೆ ಏನಾಗುತ್ತಿತ್ತೋ, ಗೊತ್ತಿಲ್ಲ. ಕೇಳಲಿಲ್ಲ ಎಂಬುದಂತೂ ಗೊತ್ತು.