ನೆರಡಿ ರೋಗವೂ ತೊಗಲಿನ ಬೆಲೆಯೂ

ಬೆಳಿಗ್ಗೆ ಮೇವು ತಿಂದ ಎತ್ತು ಸಂಜೆಯೊಳಗೆ ಹಠಾತ್ತಾಗಿ ಸತ್ತು, ಅದರ ಮೂಗು ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತವು ಸುರಿದರೆ ನೆರಡಿ ರೋಗವೆಂದು ಶಂಕಿಸತಕ್ಕದ್ದು. ಎತ್ತು ಹೋದರೂ ತೊಗಲಾದರೂ ಉಳಿಯಲೆಂಬ ಆಸೆಯು ಒಡೆಯನಿಗೆ ಸಹಜವೇ. ಆದರೆ ಆ ಅಲ್ಪ ಲಾಭವು ಊರಿಗೆಲ್ಲಾ ನಷ್ಟವಾಗಿ ಪರಿಣಮಿಸುವುದು. ಸುಲಿಯುವವನ ಕೈಮೇಲೆ ಕಪ್ಪು ಹುಣ್ಣೆದ್ದು ಅವನ ಪ್ರಾಣಕ್ಕೂ ಅಪಾಯವುಂಟು.

ಕೊಯ್ಯದ ದೇಹದೊಳಗೆ ಈ ರೋಗದ ಕ್ರಿಮಿಗಳು, ದೇಹವು ಕೊಳೆಯುತ್ತಿರುವಂತೆ, ಕೆಲವು ದಿನಗಳಲ್ಲಿ ಬಹುಮಟ್ಟಿಗೆ ತಾವಾಗಿಯೇ ನಶಿಸುವುವು. ಕತ್ತಿ ತಗುಲಿ ರಕ್ತವು ಗಾಳಿಗೆ ಬಿದ್ದರೆ ಅವೇ ಕ್ರಿಮಿಗಳು ಗಟ್ಟಿ ಕವಚದ ಬೀಜಕಣಗಳಾಗಿ ಮಾರ್ಪಟ್ಟು, ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುವುವು.

ಈ ಬೀಜಕಣಗಳನ್ನು ಕೊಲ್ಲುವುದು ಪ್ರಯೋಗಶಾಲೆಗೂ ಸುಲಭವಲ್ಲ. ಗಾಜಿನ ಪಟ್ಟಿಯ ಮೇಲೆ ಸವರಿದ ರಕ್ತವನ್ನು ಜ್ವಾಲೆಗೆ ಹಿಡಿದ ಮಾತ್ರಕ್ಕೆ ಅವು ಸತ್ತುವೆಂದು ನಂಬುವಂತಿಲ್ಲ. ಪರೀಕ್ಷೆ ಮುಗಿದ ಪಟ್ಟಿಗಳನ್ನು ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಟ್ಟು ಶುದ್ಧಿಗೊಳಿಸುವರು. ಅಮೆರಿಕದ ಯೂಟಾ ಪ್ರಾಂತದ ಡಗ್‌ವೇ ಸೈನಿಕ ಪ್ರಯೋಗಶಾಲೆಯು ಗಾಮಾ ಕಿರಣಗಳಿಂದ ಕೊಂದೆವೆಂದು ನಂಬಿ ಹೊರಗೆ ಕಳುಹಿಸಿದ ಮಾದರಿಗಳಲ್ಲಿ ಜೀವಂತ ಕಣಗಳಿದ್ದುದು 2015ರಲ್ಲಿ ಬಯಲಾಯಿತು. ಪಂಡಿತರ ಕೈಯಲ್ಲಿಯೇ ಹೀಗಾದರೆ, ನೆಲದಲ್ಲಿ ಬೇರೂರಿದ ಕಣಗಳ ಮಾತೇನು? ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ದ್ವೀಪದಲ್ಲಿ 1942ರಲ್ಲಿ ಯುದ್ಧಪ್ರಯೋಗಕ್ಕಾಗಿ ಇವನ್ನು ಹರಡಿದ್ದರು. 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡನ್ನು ಸಮುದ್ರದ ನೀರಿನಲ್ಲಿ ಬೆರೆಸಿ ಸುರಿದ ತರುವಾಯ, 1990ರಲ್ಲಿ ಆ ನೆಲವು ನಿರಪಾಯವೆಂದು ಸಾರಲ್ಪಟ್ಟಿತು. ಹಳ್ಳಿಯ ಗೋಮಾಳಕ್ಕೆ ಅಂತಹ ಚಿಕಿತ್ಸೆಯನ್ನು ಯಾರು ತಾನೆ ಮಾಡಿಸಿಯಾರು?

ಆದಕಾರಣ ಕಣಗಳು ಹುಟ್ಟದಂತೆ ನೋಡಿಕೊಳ್ಳುವುದೇ ಗ್ರಾಮದ ಧರ್ಮ. ಸತ್ತ ದನವನ್ನು ಕೊಯ್ಯದೆ, ನಾಯಿ ಹದ್ದುಗಳು ಮುಟ್ಟದಂತೆ ಕಾವಲಿಟ್ಟು, ಕೂಡಲೆ ಪಶುವೈದ್ಯರಿಗೆ ತಿಳಿಸತಕ್ಕದ್ದು. ಪರೀಕ್ಷೆಗೆ ಕಿವಿಯ ರಕ್ತನಾಳದ ತೊಟ್ಟು ರಕ್ತವೇ ಸಾಕು. ಅದನ್ನು ವೈದ್ಯರೇ ತೆಗೆಯಬೇಕು. ಬಳಿಕ ದೇಹವನ್ನು ಸುಡುವುದು ಉತ್ತಮ. ಸೌದೆ ಸಾಲದಿದ್ದರೆ ಕೆರೆ ಬಾವಿಗಳಿಗೆ ದೂರವಾಗಿ ಆಳವಾದ ಗುಂಡಿಯಲ್ಲಿ ಹೂಳುವುದು. ರೋಗ ಕಂಡ ಊರಿನ ದನಗಳಿಗೆಲ್ಲಾ ವರ್ಷಕ್ಕೊಮ್ಮೆ ಲಸಿಕೆ ಹಾಕಿಸತಕ್ಕದ್ದು.

ಆದರೆ ಇದ್ದ ಒಂದು ಎತ್ತನ್ನೂ ಕಳೆದುಕೊಂಡ ಬಡರೈತನಿಗೆ ಬರಿಯ ಉಪದೇಶದಿಂದ ಪ್ರಯೋಜನವೇನು? ತೊಗಲಿನ ಬೆಲೆಯೂ ಸೌದೆಯ ವೆಚ್ಚವೂ ಅವನ ತಲೆಯ ಮೇಲೆಯೇ ಬಿದ್ದರೆ ಅವನು ರೋಗವನ್ನು ಮುಚ್ಚಿಡುವನು. ಗ್ರಾಮದ ಮುಖಂಡರೂ ಭೂಮಾಲಿಕರೂ ಕೂಡಿ ವಂತಿಗೆ ಎತ್ತಿ ಆ ಹಣವನ್ನು ಅವನಿಗೆ ಕಟ್ಟಿಕೊಡುವುದು ನ್ಯಾಯ. ಇದು ದಾನವೆನಿಸದು. ಒಂದೇ ಗೋಮಾಳದಲ್ಲಿ ಅವರ ಮಂದೆಗಳೂ ಮೇಯುವುವಷ್ಟೆ.