ಅತಿಥಿಯೂ ಬರಲಿ, ಗದ್ದೆಯೂ ಉಳಿಯಲಿ

ಮನೆಗೆ ಬಂದವರನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ-ನೀರು ಕೊಡುವುದು ಮಲೆನಾಡಿಗೆ ಹೊಸತಲ್ಲ. ಆ ಆತಿಥ್ಯವೇ ಜೀವನೋಪಾಯವಾಗಿರುವುದು ಹೊಸತು. ಚಿಕ್ಕಮಗಳೂರು ಜಿಲ್ಲೆಯ ಘಟ್ಟದ ಹಳ್ಳಿಗಳಲ್ಲಿ ಹೋಂಸ್ಟೇ ಫಲಕವಿಲ್ಲದ ರಸ್ತೆ ಇಂದು ಅಪರೂಪ. ಇದನ್ನು ಸಾರಾಸಗಟಾಗಿ ತಿರಸ್ಕರಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ.

ಶೃಂಗೇರಿ, ಕೊಪ್ಪ ಸೀಮೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಬರಿದು ಮಾಡುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ಭತ್ತ ಬೆಳೆದರೆ ಕಾಡುಹಂದಿಗಳ ಕಾಟ. ಮಕ್ಕಳು ಬೆಂಗಳೂರು ಸೇರಿದ ಮನೆಯಲ್ಲಿ ಎರಡು ಕೋಣೆಗಳನ್ನು ಅತಿಥಿಗಳಿಗೆ ತೆರೆದು, ಕಡುಬು, ಕಳಲೆ ಪಲ್ಯ ಬಡಿಸಿ, ಬಂದ ಹಣದಲ್ಲಿ ತೋಟದ ಕೂಲಿಯನ್ನು ಹೊಂದಿಸಿಕೊಳ್ಳುವ ಕೃಷಿಕರನ್ನು ಯಾರು ತಾನೇ ದೂಷಿಸಬಲ್ಲರು? ಅಲ್ಲಿ ಪ್ರವಾಸವು ಕೃಷಿಗೆ ಊರುಗೋಲು.

ನಮ್ಮ ತಕರಾರು ಕೃಷಿಯೇ ಇಲ್ಲದ ‘ಕೃಷಿ ಪ್ರವಾಸ’ದ ಬಗ್ಗೆ. ಹೊರಗಿನ ಬಂಡವಾಳ ಬಂದು ಇಳಿಜಾರನ್ನು ಯಂತ್ರಗಳಿಂದ ಕಡಿದು ಕಟ್ಟಡ ಕಟ್ಟುತ್ತದೆ. ಮಣ್ಣು ತುಂಬಿದ ಗದ್ದೆ ವಾಹನ ನಿಲ್ಲಿಸುವ ಜಾಗವಾಗುತ್ತದೆ. ಕೇರಿಯ ಮನೆಗಳಿಗೆ ಹರಿಯುತ್ತಿದ್ದ ಅಬ್ಬಿ ನೀರು ಈಜುಕೊಳ ಸೇರುತ್ತದೆ. ಕೊಳಕು ನೀರು ಹಳ್ಳ ಸೇರುತ್ತದೆ. ಲಾಭ ಪಟ್ಟಣಕ್ಕೆ, ನಷ್ಟ ಊರಿಗೆ.

ಬೆಟ್ಟದ ತಾಳಿಕೆಗೂ ಮಿತಿಯಿದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸುತ್ತಲಿನ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳು ಮಳೆಯನ್ನು ಹೀರಿಟ್ಟುಕೊಂಡು ನಿಧಾನವಾಗಿ ಹಳ್ಳಗಳಿಗೆ ಬಿಡುತ್ತವೆ. ಈ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾವತಿಯೇ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ನೀರುಣಿಸುವ ನದಿ. ಇಲ್ಲಿನ ಹುಲ್ಲಿನ ಮೇಲೆ ಜೀಪು ಹರಿದರೆ, ಅದರ ಬೆಲೆಯನ್ನು ಬಯಲುಸೀಮೆಯ ರೈತರೂ ತೆರಬೇಕಾಗುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ನಾವು ಮರೆಯಬಾರದು. ಅಂದು ಮಳೆ ಅತಿಯಾಗಿತ್ತು, ನಿಜ. ಆದರೆ ಇಳಿಜಾರಿನ ಬುಡ ಕಡಿದಾಗ ಮೇಲಿನ ಮಣ್ಣು ಆಧಾರ ಕಳೆದುಕೊಳ್ಳುತ್ತದೆ. ನೀರಿನ ಸಹಜ ದಾರಿ ಮುಚ್ಚಿದಾಗ ಅದು ಒಳಗೇ ತುಂಬಿ ಧರೆಯನ್ನು ತಳ್ಳುತ್ತದೆ. ಈ ಪಾಠ ಎಲ್ಲ ಗುಡ್ಡಗಳಿಗೂ ಅನ್ವಯಿಸುತ್ತದೆ.

2025ರಲ್ಲಿ ಜಿಲ್ಲಾಡಳಿತವು ಮುಳ್ಳಯ್ಯನಗಿರಿ ಭಾಗಕ್ಕೆ ಬರುವ ವಾಹನಗಳಿಗೆ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿ ಸಂಖ್ಯೆಗೆ ಮಿತಿ ಹಾಕಿದ್ದು ಸ್ವಾಗತಾರ್ಹ. ಆದರೆ ಶಿಖರಕ್ಕೆ ಹಾಕಿದ ಬೇಲಿ ಹಳ್ಳಿಯನ್ನು ಕಾಯಲಾರದು. ಅದನ್ನು ಗ್ರಾಮಸಭೆಯೇ ಕಾಯಬೇಕು. ಮನೆಯವರು ವಾಸವಿಲ್ಲದ ಕಟ್ಟಡವನ್ನು ಹೋಂಸ್ಟೇ ಎಂದು ಒಪ್ಪಬಾರದು. ನೀರಿನ ಮೂಲ ಮತ್ತು ಕೊಳಕು ನೀರಿನ ವಿಲೇವಾರಿಯನ್ನು ತೋರಿಸದವರಿಗೆ ಪಂಚಾಯಿತಿ ಪರವಾನಗಿ ಕೊಡಬಾರದು. ಕಡಿದಾದ ಇಳಿಜಾರಿನಲ್ಲಿ ಯಂತ್ರ ಇಳಿಸುವ ಮುನ್ನ ಕೆಳಗಿನ ಮನೆಗಳವರ ಮಾತು ಕೇಳಬೇಕು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮೂರಿನ ಅಬ್ಬಿಯ ಕೆಳಗೆ ತಿಂಗಳಿಗೊಮ್ಮೆ ಕೊಡ ಇಟ್ಟು, ಅದು ತುಂಬಲು ಹಿಡಿಯುವ ಸಮಯವನ್ನು ಬರೆದಿಡಿ. ವರ್ಷದ ಆ ಲೆಕ್ಕ ಗ್ರಾಮಸಭೆಯಲ್ಲಿ ಯಾವ ಭಾಷಣಕ್ಕಿಂತಲೂ ಗಟ್ಟಿಯಾಗಿ ಮಾತನಾಡುತ್ತದೆ.

ಅತಿಥಿಗಳು ಬರುವುದು ಗದ್ದೆ, ಕಾನು, ಹಳ್ಳಗಳನ್ನು ನೋಡಲು. ಅವನ್ನು ಕಳೆದುಕೊಂಡ ಊರಿಗೆ ಅತಿಥಿಯೂ ಬರಲಾರ, ಊರಿನವರೂ ಉಳಿಯಲಾರರು.