ಪಡಸಾಲೆಯ ಮಾತು: ಆಟದ ಹರಟೆ



ಹೋದ ಆದಿತ್ಯವಾರ ಮಧ್ಯಾಹ್ನ ದೇವರ ಹಿಪ್ಪರಗಿಯಲ್ಲಿ ನಮ್ಮ ಅಣ್ಣನ ಮನೆಯ ಪಡಸಾಲೆಯೊಳಗೆ ಊಟ ತೀರಿಸಿ ಒರಗಿದ್ದೆನು. ಒಳಗಿನ ಕೋಣೆಯಿಂದ ಮಾತೂ ನಗೆಯೂ ಕೇಳಿಬರುತ್ತಿದ್ದವು. ಎದ್ದು ಹೋಗಿ ನೋಡಲಾಗಿ, ಅಣ್ಣನ ಮಗನೂ ಅವನ ಇಬ್ಬರು ಗೆಳೆಯರೂ ಆ ಬಿಸಿಲಿನಲ್ಲಿ ಫ್ಯಾನು ನಿಲ್ಲಿಸಿ, ಕಿಟಕಿಗೆ ಕೌದಿ ಇಳಿಬಿಟ್ಟು, ಬೆವರು ಸುರಿಸುತ್ತ ಒಂದು ಮೊಬೈಲಿನ ಸುತ್ತ ಕುಳಿತಿದ್ದರು.

“ಯಾರ ಕೂಡ ಮಾತಾಡಾಕತ್ತೀರೋ?” ಎಂದೆನು.

“ಕಾಕಾ, ಪಾಡ್‌ಕಾಸ್ಟ್ ಮಾಡಾಕತ್ತೀವ್ರಿ. ಫ್ಯಾನ್ ಹಚ್ಚಿದ್ರ ಅದರ ಸಪ್ಪಳಾನೂ ಒಳಗ ಬರ್ತದ. ನೀವೂ ಕೂಡ್ರಿ, ಆದ್ರ ಕೆಮ್ಮಬ್ಯಾಡ್ರಿ” ಎಂದು ಹುಡುಗನು ನಕ್ಕನು.

ಈ ಹೆಸರನ್ನರಿಯದ ಗೃಹಸ್ಥರಿಗಾಗಿ ಎರಡು ಮಾತು. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾದ ಮೇಲೆ ನಮ್ಮ ಸೀಮೆಯ ಜನರು ಗೊತ್ತಾದ ವೇಳೆಗೆ ರೇಡಿಯೋದ ಮುಂದೆ ಕೂಡ್ರುವುದನ್ನು ರೂಢಿಸಿಕೊಂಡರು. ಪಾಡ್‌ಕಾಸ್ಟಿಗಾದರೋ ವೇಳೆಯ ಕಟ್ಟಿಲ್ಲ. ಮಾತನ್ನು ಧ್ವನಿಮುದ್ರಿಸಿ ಅಂತರ್ಜಾಲದಲ್ಲಿಟ್ಟರೆ, ಕೇಳುವವರು ತಮಗೆ ಬಿಡುವಾದಾಗ ಕೇಳಬಹುದು. 2004ರಲ್ಲಿ ಬೆನ್ ಹ್ಯಾಮರ್ಸ್ಲಿ ಎಂಬ ಇಂಗ್ಲಿಷ್ ಪತ್ರಕರ್ತನ ಲೇಖನದಲ್ಲಿ ಈ ಶಬ್ದವು ಮೊದಲು ಕಾಣಿಸಿಕೊಂಡಿತು. ಕನ್ನಡದಲ್ಲಿಯೂ ಬೆಂಗಳೂರಿನ ಕೆಲವರು ‘ತಲೆ-ಹರಟೆ’ ಎಂಬ ಹೆಸರಿನಿಂದ ಇಂಥ ಸಂಭಾಷಣೆಗಳನ್ನು ನಡೆಸಿದ್ದಾರೆ. ಗುಡಿಯ ಕಟ್ಟೆಯ ಮೇಲಿನ ಹರಟೆಯನ್ನು ದೂರದವರೂ ಕೇಳುವಂತಾಗಿದೆಯೆಂದು ತಿಳಿದರೆ ಸಾಕು.

ಅಂದಿನ ವಿಷಯವು ವಿಡಿಯೋ ಆಟಗಳದಾಗಿತ್ತು. 1997ರಲ್ಲಿ ನೋಕಿಯಾ ಫೋನಿನೊಳಗೆ ಬಂದ ಹಾವಿನ ಆಟದಿಂದ ಮಾತು ಮೊದಲಾಯಿತು. ಬಳಿಕ 1984ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಾಜಿತ್ನೋವ್ ರಚಿಸಿದ ಟೆಟ್ರಿಸ್ ಆಟ. ಮೇಲಿನಿಂದ ಬೀಳುವ ತುಂಡುಗಳನ್ನು ಸಂದಿಲ್ಲದಂತೆ ಜೋಡಿಸಬೇಕು. ಸಾಲು ತುಂಬಿದೊಡನೆ ಅದು ಮಾಯವಾಗುತ್ತದೆ. “ಗೌಂಡಿ ಕಟ್ಟಿದ ಗ್ವಾಡಿ ನಿಲ್ಲಬೇಕು, ಇಲ್ಲಿ ಕಟ್ಟಿದ್ದು ಕರಗಿದ್ರನ ಗೆಲವು” ಎಂದು ಒಬ್ಬನು ಹೇಳಿದ ಮಾತು ನನಗೆ ಮೆಚ್ಚಿಗೆಯಾಯಿತು. 2020ರ ಸೆಪ್ಟೆಂಬರದಲ್ಲಿ ಸರಕಾರವು ಪಬ್‌ಜಿ ಆಟವನ್ನು ನಿಷೇಧಿಸಿದಾಗ ತಾವು ಊಟ ಬಿಟ್ಟುದನ್ನು ಹೇಳಿಕೊಂಡು ಮೂವರೂ ನಕ್ಕರು. ಗುಡಿಯ ಹಾಸುಗಲ್ಲಿನ ಮೇಲೆ ಕೊರೆದ ಹುಲಿಮನೆಯ ಮುಂದೆ ನಾನು ಕಳೆದ ಮಧ್ಯಾಹ್ನಗಳು ನೆನಪಾದವು. ನಮ್ಮ ಹಿರಿಯರೂ ಅಂದು ನಮ್ಮನ್ನು ಬೈದಿದ್ದರು.

ಅಷ್ಟರಲ್ಲಿ ಮೂರನೆಯವನು ದನಿ ತಗ್ಗಿಸಿ, “ನಾ ಒಂದು ಹೇಳಬೇಕು” ಎಂದನು. ಹಿಂದೊಮ್ಮೆ ಅವನು ಮೊಬೈಲಿನಲ್ಲಿ ಹಣವಿಟ್ಟು ಇಸ್ಪೀಟು ಆಡಿದ್ದನಂತೆ. ಮೊದಲು ನೂರು ಗೆದ್ದನು. ಬಳಿಕ ತೊಗರಿಯ ಬೀಜ-ಗೊಬ್ಬರಕ್ಕೆಂದು ತಂದೆಯು ಕೊಟ್ಟ 18,000 ರೂಪಾಯಿಗಳನ್ನು ಕಳೆದನು. ಅದನ್ನು ಮುಚ್ಚಲು ಸಾಲ ಮಾಡಿ, ಇಂದಿಗೂ ತೀರಿಸುತ್ತಿರುವನು. ನಗೆ ನಿಂತಿತು.

“ನಮಗ್ಯಾಕ ಹೇಳಲಿಲ್ಲೋ?” ಎಂದು ನಮ್ಮ ಹುಡುಗನು ಕೇಳಿದನು.

“ಹೇಳಿದ್ರ ದೊಡ್ಡವರು ಎಲ್ಲಾ ಆಟಾನೂ ಒಂದ ಅಂತಾರ. ಜೂಜು ಯಾವುದು, ಆಟ ಯಾವುದು ಅಂತ ಯಾರು ಕೇಳ್ತಾರ?”

ಈ ಮಾತು ನನಗೇ ತಾಗಿತು. ಹುಡುಗರ ಕೈಯಲ್ಲಿ ಮೊಬೈಲು ಕಂಡಾಗಲೆಲ್ಲ ‘ಇದೇ ಹಾಳು’ ಎಂದು ಒಂದೇ ಉಸಿರಿನಲ್ಲಿ ಅಂದವರಲ್ಲಿ ನಾನೂ ಒಬ್ಬನು. ಶಾಸನವಾದರೂ ಈ ಭೇದವನ್ನು ಬಲ್ಲದು. ಆನ್‌ಲೈನ್ ಜೂಜನ್ನು ತಡೆಯಲು ಕರ್ನಾಟಕವು 2021ರಲ್ಲಿ ಮಾಡಿದ ಕಾನೂನಿನ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಶಾಸನವು ಹಣದ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಎಂಬ ಸ್ಪರ್ಧೆಗಳನ್ನೂ ವಿನೋದದ ಆಟಗಳನ್ನೂ ಬೇರೆಯಾಗಿ ಎಣಿಸಿತು. ಹಾಗೆಂದು ವಿನೋದದ ಆಟವು ಮಿತಿ ಮೀರಲಾರದೆಂದಲ್ಲ. ನಿದ್ದೆ, ಓದು, ಊಟಗಳನ್ನು ನುಂಗುವ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಆದರೆ ಕಾನೂನಾಗಲಿ ವೈದ್ಯನಾಗಲಿ ನೆರವಾಗುವುದು, ಹುಡುಗನು ಬಾಯಿಬಿಟ್ಟು ಹೇಳಿದ ಮೇಲೆಯೇ ಅಲ್ಲವೇ?

ಆ ಮಾತನ್ನು ಮುದ್ರಿಕೆಯಿಂದ ತೆಗೆದುಬಿಡೋಣವೆಂದು ಗೆಳೆಯರು ಸೂಚಿಸಿದರು. “ಹೆಸರು ತಗೀರಿ, ಮಾತು ಇರಲಿ. ನನ್ನಂಥಾವ ಒಬ್ಬ ಕೇಳಿದ್ರ ಸಾಕು” ಎಂದು ಅವನು ಹೇಳಿದನು. ಆದರೆ ಜಗತ್ತು ಕೇಳುವುದಕ್ಕಿಂತ ಮುಂಚೆ ತಂದೆ ಕೇಳಬೇಕೆಂದು ನಾನು ಅಂದೆನು. ಸಂಜೆ ನಾವಿಬ್ಬರೂ ಅವನ ಮನೆಗೆ ಹೋದೆವು. ಎಲ್ಲವನ್ನೂ ಕೇಳಿ ತಂದೆಯು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಇನ್ನೂ ಎಷ್ಟು ಉಳದೈತಿ?” ಎಂದು ಕೇಳಿ, ಗೊಬ್ಬರದ ಅಂಗಡಿಯ ಚೀಟಿಯ ಬೆನ್ನಿನ ಮೇಲೆ ಲೆಕ್ಕ ಹಾಕತೊಡಗಿದರು. ಒಳಗಿನಿಂದ ತಾಯಿಯವರು ಚಹಾ ತಂದಿಟ್ಟರು. ಹುಡುಗನ ಕೈ ನಡುಗುತ್ತಿತ್ತು, ಆದರೂ ಲೆಕ್ಕವನ್ನು ಸರಿಯಾಗಿಯೇ ಹೇಳಿದನು.

ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೇ. ಮಕ್ಕಳು ಮೊಬೈಲು ಹಿಡಿದಾಗ, ಬೈಯುವುದಕ್ಕಿಂತ ಮೊದಲು ಒಂದು ಗಳಿಗೆ ಬಳಿಯಲ್ಲಿ ಕುಳಿತು, ಅದು ಯಾವ ಆಟ, ಯಾರ ಸಂಗಡ, ಅದರಲ್ಲಿ ಹಣದ ಮಾತುಂಟೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಉತ್ತರವು ಬರುವವರೆಗೂ ಕೆಮ್ಮದೆ ಕುಳಿತುಕೊಳ್ಳಿರಿ.